ಮಾಜಿ ಸೈನಿಕರ ಸಂಘದ ಗೋಡೆ ಮೇಲಿದ್ದ ತ್ರೀ ನಾಟ್ ತ್ರೀ ಪೊಲೀಸರು ತಗೊಂಡು ಹೋದ್ರು, ವಾಪಸ್ ಸಿಗುತ್ತಾ?

ಹವಾಲ್ದಾರ್_ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಊರಿನ ಹೆಸರು ಬೇಡ, ತಾತನಿಗೆ ಇನ್ನೊಂದು ತಲೆನೋವು ತರೋದು ಬೇಡ. ಇಲ್ಲಿನ ಮಾಜಿ ಸೈನಿಕರ ಸಂಘಕ್ಕೆ ಒಂದು ಸಣ್ಣ ಹೆಂಚಿನ ಕಟ್ಟಡ ಇದೆ. ಒಳಗೆ ಒಂದು ಕೇರಂ ಬೋರ್ಡು, ಒಂದು ಗೋದ್ರೇಜ್ ಬೀರು, ಗೋಡೆ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಎರಡು ಕೋವಿ. ಒಂದು ತ್ರೀ ನಾಟ್ ತ್ರೀ ರೈಫಲ್, ಇನ್ನೊಂದು ತೀರಿಹೋದ ಸದಸ್ಯರೊಬ್ಬರ ಮನೆಯವರು ಕೊಟ್ಟ ಕೇಪಿನ ಕೋವಿ. ರೈಫಲ್ಲಿನ ನಳಿಗೆಯ ಬಾಯಿಗೆ ಸೀಸ ಹುಯ್ದು ಮುಚ್ಚಿದ್ದಾರೆ. ನಾನು ಹುಟ್ಟೋಕೆ ಮುಂಚಿನಿಂದ ಅಲ್ಲೇ ಇವೆ.

ತಾತನಿಗೆ ಈಗ 76. 71ರ ಯುದ್ಧದಲ್ಲಿ ಇದ್ದವರು, ಹವಾಲ್ದಾರ್ ಆಗಿ ನಿವೃತ್ತಿ, ಈಗ ಸಂಘದ ಕಾರ್ಯದರ್ಶಿ. ತಿಂಗಳಿಗೊಂದು ಭಾನುವಾರ ಪೆಟ್ಟಿಗೆ ತೆಗೆದು, ಹಳೇ ಬನಿಯನ್ ಚೂರಿಗೆ ಅಗಸೆ ಎಣ್ಣೆ ಅದ್ದಿ, ಮರದ ಬಟ್ಟು ಒರೆಸಿ, ಮತ್ತೆ ಬೀಗ ಹಾಕಿ ಬರ್ತಾರೆ. ಆ ದಿನ ಮನೆಗೆ ಬಂದ್ರೆ ಕೈಯೆಲ್ಲ ಅದೇ ವಾಸನೆ.

ಈ ಸಲ ಜುಲೈ 26ಕ್ಕೆ ಕಾರ್ಗಿಲ್ ದಿನ ಮಾಡಿದ್ರು. ಯಾರೋ ಹುಡುಗ ಆ ರೈಫಲ್ ಹೆಗಲ ಮೇಲಿಟ್ಟುಕೊಂಡು ರೀಲ್ ಮಾಡಿ ಹಾಕಿದ್ದಾನೆ. ಅದನ್ನ ನೋಡಿ ಇನ್ಯಾರೋ 112ಕ್ಕೆ ಫೋನ್ ಮಾಡಿದ್ದಾರೆ. ಮಾರನೇ ದಿನ ಜೀಪು ಬಂತು. ಎರಡೂ ತಗೊಂಡು ಹೋದ್ರು. ಕಾಗದ ಏನೂ ಕೊಟ್ಟಿಲ್ಲ. "ಸ್ಟೇಷನ್‌ಗೆ ಬನ್ನಿ ಅಜ್ಜ, ಮಾತಾಡೋಣ" ಅಂದರಂತೆ ಅಷ್ಟೇ.

ತಾತ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಇದು ಕಾನೂನು ಪ್ರಕಾರ ಸರಿನಾ? ವಾಪಸ್ ಸಿಗುತ್ತಾ?

ಕಾಫಿ_ಕೊಪ್ಪ
ಅಯ್ಯೋ ಪಾಪ. ದೇಶಕ್ಕೋಸ್ಕರ ಗುಂಡು ಹಾರಿಸಿದವರ ಕೈಯಿಂದಲೇ ಕಿತ್ಕೊಂಡು ಹೋಗೋದಾ. ನಾಚಿಕೆ ಆಗಬೇಕು.

ಧಾರವಾಡ_ಪೇಢೆ
ನಾಚಿಕಿ ಯಾರಿಗ್ ಆಗಬೇಕ್ರಿ? ಲೈಸೆನ್ಸ್ ಇಲ್ದ ಎರಡ ಬಂದೂಕ ಗ್ವಾಡಿ ಮ್ಯಾಲ ತೂಗ ಹಾಕ್ಯಾರ, ಪೊಲೀಸ್ರು ನೋಡಿ ಸುಮ್ಮನ ಹೋಗಬೇಕಿತ್ತೇನ? ನಾಳೆ ಮತ್ತೊಬ್ಬ "ಇದು ನಮ್ಮಜ್ಜಂದು" ಅಂದ್ರ ಅವಂಗೂ ಬಿಡ್ತಾರೇನ?

ಕಾಫಿ_ಕೊಪ್ಪ
ಸೀಸ ಹುಯ್ದಿದ್ದಾರೆ ಅಂತ ಬರೆದಿದ್ದಾರಲ್ಲ. ಓದಿ ಮಾತಾಡಿ.

ಕೋರ್ಟ್_ಹಾಲ್_9
ವಕೀಲ ನಾನು. ಗಲಾಟೆ ಮಾಡೋ ಮುಂಚೆ ಸ್ವಲ್ಪ ಕೇಳಿ.

ಮೊದಲನೆಯದು, ತ್ರೀ ನಾಟ್ ತ್ರೀ ಸಾಮಾನ್ಯ ಲೈಸೆನ್ಸ್ ಮೇಲೆ ಇಟ್ಟುಕೊಳ್ಳೋ ಕೋವಿ ಅಲ್ಲ. ಸೇನೆಯ ಗುಂಡು ಹಿಡಿಯೋ ಬೋರ್ (ನಳಿಗೆಯ ಒಳ ಅಳತೆ) ಆದ್ದರಿಂದ ನಿಷೇಧಿತ ಪಟ್ಟಿಯಲ್ಲಿದೆ. 2019ರ ತಿದ್ದುಪಡಿ ಆದ ಮೇಲೆ ನಿಷೇಧಿತ ಆಯುಧ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ. ಹಾಗಾಗಿ "ಏನ್ ಮಹಾ" ಅನ್ನೋ ಹಾಗಿಲ್ಲ.

ಎರಡನೆಯದು, ಹೆದರಬೇಡಿ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಬಳಕೆ ತಪ್ಪಿದ ಮಾದರಿಯದೋ, ಪುರಾತನ ಬೆಲೆಯದೋ, ಕೆಟ್ಟು ಕೂತದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸೋಕೆ ಆಗೋದೇ ಇಲ್ಲ ಅಂದರೆ ಆ ಆಯುಧಕ್ಕೆ ಕಾಯ್ದೆಯೇ ಅನ್ವಯ ಆಗಲ್ಲ. ನಿಮ್ಮ ಇಡೀ ಕೇಸು ನಿಂತಿರೋದು ಆ "ರಿಪೇರಿ ಮಾಡಿದರೂ" ಅನ್ನೋ ಪದದ ಮೇಲೆ.

ಮೂರನೆಯದು, ಲೈಸೆನ್ಸ್ ಇಲ್ಲದ ಆಯುಧದ ಕೇಸು ಕೋರ್ಟಿಗೆ ಹೋಗಬೇಕಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಂದರೆ ಡಿಸಿ ಅನುಮತಿ ಬೇಕು, 39ನೇ ಕಲಮು. ಗೋಡೆಗೆ ತೂಗಿದ್ದ ಕೋವಿಗೆ 76 ವರ್ಷದ ಮಾಜಿ ಸೈನಿಕರ ಮೇಲೆ ಅನುಮತಿ ಕೊಡೋ ಮುಂಚೆ ಯಾವ ಡಿಸಿಯೂ ಎರಡು ಸಲ ಯೋಚನೆ ಮಾಡ್ತಾರೆ.

ಹವಾಲ್ದಾರ್_ಮೊಮ್ಮಗ
ಸರ್ ತುಂಬಾ ಥ್ಯಾಂಕ್ಸ್. 7 ವರ್ಷ ಅಂತ ಓದಿ ಒಂದು ನಿಮಿಷ ಕೈಕಾಲು ತಣ್ಣಗಾಯ್ತು. ಸೀಸ ಹುಯ್ದಿರೋದರಿಂದ ಹಾರಿಸೋಕೆ ಆಗಲ್ಲ ಅಲ್ವಾ, ಹಾಗಾದರೆ ನಾವು ಬಚಾವಾ?

ಆರ್ಮರರ್_ನಿವೃತ್ತ
ಸೇನೆಯ ಯಂತ್ರ, ಆಯುಧ ರಿಪೇರಿ ವಿಭಾಗ ಇಎಂಇಯಲ್ಲಿ 22 ವರ್ಷ ಇದೇ ಕೆಲಸ ಮಾಡಿದವನು. ತಮ್ಮಾ, ಬೇಜಾರು ಮಾಡ್ಕೋಬೇಡ, ಸೀಸ ಹುಯ್ಯೋದು ಮುಚ್ಚಳ ಹಾಕಿದ ಹಾಗೆ ಅಷ್ಟೇ. ಸೀಸ 327 ಡಿಗ್ರಿಗೆ ಕರಗಿ ನೀರಾಗುತ್ತೆ. ಅದನ್ನ ನಂಬಿಕೊಂಡು ಯಾವ ತಜ್ಞನೂ ಇದು ಸತ್ತ ರೈಫಲ್ ಅಂತ ಬರೆದುಕೊಡಲ್ಲ.

ನಿಜವಾಗಿ ನಿಷ್ಕ್ರಿಯ ಮಾಡಬೇಕಾದ್ರೆ ಗುಂಡು ಕೂರೋ ಚೇಂಬರ್ ಕೊಯ್ಯಬೇಕು, ಇಲ್ಲ ಒಳಗೆ ಉಕ್ಕಿನ ಸರಳು ಇಟ್ಟು ಬೆಸುಗೆ ಹಾಕಬೇಕು. ಬೋಲ್ಟಿನ ಮೂತಿ ಇದೆಯಾ, ಫೈರಿಂಗ್ ಪಿನ್ ಇದೆಯಾ ನೋಡಿದ್ದೀಯಾ? ತ್ರೀ ನಾಟ್ ತ್ರೀಯಲ್ಲಿ ಬೋಲ್ಟಿನ ಹಿಡಿ ಹಿಂದೆ ಒಂದು ನಂಬರ್ ಇರುತ್ತೆ, ಅದೇ ನಂಬರ್ ಬಾಡಿ ಮೇಲೂ ಇರಬೇಕು. ಬೇರೆ ಇದ್ರೆ ಯಾರೋ ಎರಡು ರೈಫಲ್ ಕೂಡಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು, ಎಲ್ಲಾದರೂ "ಡಿಪಿ" ಅಂತ ಮುದ್ರೆ ಇತ್ತಾ?

ಹವಾಲ್ದಾರ್_ಮೊಮ್ಮಗ
ತಾತನ್ನ ಕೇಳಿ ಹೇಳ್ತೀನಿ. ಡಿಪಿ ಅಂದ್ರೆ?

ಆರ್ಮರರ್_ನಿವೃತ್ತ
ಡ್ರಿಲ್ ಪರ್ಪಸ್. ಎನ್‌ಸಿಸಿ ಹುಡುಗರು ಕವಾಯತು ಮಾಡೋದು ಇಂಥದ್ದರಲ್ಲೇ. ಗುಂಡು ಹಾರಿಸೋಕೆ ಲಾಯಕ್ಕಿಲ್ಲ ಅಂತ ಇಲಾಖೆಯೇ ಮುದ್ರೆ ಒತ್ತಿರುತ್ತೆ.

ಕಡಲ_ಮಗ
ಆದ್ರೆ ಅಲ್ಲೇ ಇನ್ನೊಂದು ಫಜೀತಿ ಉಂಟು ಮಾರಾಯ್ರೆ. ಡಿಪಿ ಮುದ್ರೆ ಉಂಟು ಅಂತಾದ್ರೆ ಅದು ಸರ್ಕಾರದ ಸೊತ್ತು. ಸಂಘಕ್ಕೆ ಹೇಗೆ ಬಂತು ಅಂತ ಕೇಳ್ತಾರೆ. ಕೊಟ್ಟವರ ಕಾಗದ ಉಂಟಾ?

ಹವಾಲ್ದಾರ್_ಮೊಮ್ಮಗ
ಅದೇ ಇಲ್ಲ. ಎಂಬತ್ತರ ದಶಕದಲ್ಲಿ ಸಂಘದ ಕಟ್ಟಡ ಉದ್ಘಾಟನೆಗೆ ಬಂದಿದ್ದ ಯಾರೋ ದೊಡ್ಡ ಸಾಹೇಬರು ಕೊಟ್ಟರಂತೆ. ಫೋಟೋ ಇದೆ, ಕಪ್ಪು ಬಿಳುಪು. ಸಾಹೇಬರ ಮುಖಕ್ಕಿಂತ ಶಾಮಿಯಾನದ ಕಂಬವೇ ಚೆನ್ನಾಗಿ ಕಾಣುತ್ತೆ.

ಧಾರವಾಡ_ಪೇಢೆ
ನೋಡ್ರಿ, ಇದನ್ನ ನಾ ಹೇಳಾಕತ್ತಿದ್ದು. ಕೈಯಾಗ ಕೊಟ್ಟದ್ದು ಕೈಯಾಗ ಹೋತು.

ಟ್ರಾಯ್_ಮಿಷಿಗನ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಹೇಗೆ ಅಂತ ಹೇಳ್ತೀನಿ. ನಮ್ಮ ಪಕ್ಕದ ಮನೆ ಮುದುಕರು ಕೊರಿಯಾ ಯುದ್ಧಕ್ಕೆ ಹೋಗಿದ್ದವರು. ತೀರಿಕೊಂಡಾಗ ಮಣ್ಣು ಮಾಡೋ ಜಾಗಕ್ಕೆ ಮಾಜಿ ಸೈನಿಕರ ಸಂಘದ ಏಳು ಜನ ಬಂದು, ಸಾಲಾಗಿ ನಿಂತು ಮೂರು ಸಲ ಗುಂಡು ಹಾರಿಸಿದರು. ಖಾಲಿ ತೋಟಾ. ಎಲ್ಲರಿಗೂ ಎಪ್ಪತ್ತರ ಮೇಲೆ ವಯಸ್ಸು. ಒಬ್ಬರ ರೈಫಲ್ ಸಿಕ್ಕಿಹಾಕಿಕೊಂಡು, ಬೋಲ್ಟಿಗೆ ಬೂಟಿನ ಹಿಮ್ಮಡಿ ಕೊಟ್ಟು ತೆಗೆದರು.

ಆಮೇಲೆ ಕಾಫಿ ಕುಡೀತಾ ಕೇಳಿದೆ, ಈ ರೈಫಲ್ ನಿಮ್ಮದೇನಾ ಅಂತ. ಅಲ್ಲ, ಸೇನೆಯದು ಅಂದರು. ಎಂ1 ಗ್ಯಾರಂಡ್ ಅಂತ, 1936ರಲ್ಲಿ ಅಲ್ಲಿನ ಸೇನೆಗೆ ಬಂದದ್ದು, ಎರಡನೇ ಮಹಾಯುದ್ಧ, ಕೊರಿಯಾ ಎರಡೂ ಕಂಡದ್ದು. ಕಾನೂನಿನಲ್ಲೇ ಬರೆದಿದೆ: ಶವಸಂಸ್ಕಾರಕ್ಕೆ, ಸಮಾರಂಭಕ್ಕೆ ಅಂತ ಒಂದು ಸಂಘಕ್ಕೆ 15ಕ್ಕೆ ಮೀರದ ಹಾಗೆ ಷರತ್ತಿನ ಮೇಲೆ ಕೊಡಬಹುದು. ಇದನ್ನ ನೋಡಿಕೊಳ್ಳೋ ಸೇನಾ ಕಚೇರಿ ನಮ್ಮ ಮನೆಯಿಂದ ದೂರವೇನಲ್ಲ, ವಾರೆನ್ ಅನ್ನೋ ಊರಲ್ಲಿದೆ. ಸಂಘದವರು ವರ್ಷ ವರ್ಷ ಒಂದೊಂದರ ನಂಬರ್ ನೋಡಿ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ರೆ ವಾಪಸ್ ಕರೆಸಿಕೊಳ್ತಾರೆ. ಅಂಥ ಕಡೆ ಮುದುಕರು "ಸರ್ಕಾರ ನಮ್ಮ ರೈಫಲ್ ಕಿತ್ಕೊಂಡ್ತು" ಅಂತ ಬೈಯೋದೂ ಉಂಟು. ಅವರದ್ದಲ್ಲ, ಆದರೆ ಮೂವತ್ತು ವರ್ಷ ಒರೆಸಿದ ಮೇಲೆ ಅವರದ್ದೇ ಅನಿಸಿಬಿಡುತ್ತೆ ನೋಡಿ.

ಕಾಫಿ_ಕೊಪ್ಪ
ನಮ್ಮಲ್ಲೂ ಹಾಗೆ ಲೆಕ್ಕ ಇಟ್ಟುಕೊಂಡು ಕೊಟ್ಟಿದ್ರೆ ಈ ರಗಳೆನೇ ಇರ್ತಿರಲಿಲ್ಲ.

ಸುಮ್ನೆ_ಓದೋನು
ಅಮೆರಿಕದಲ್ಲಿ ಗನ್ ಅಂಗಡಿಯಲ್ಲಿ ಸಿಗುತ್ತೆ, ಇಲ್ಲಿ ಲಾಠಿ ಸಿಕ್ಕಿದ್ರೆ ಪುಣ್ಯ. ಹೋಲಿಕೆನೇ ಬೇಡ.

ಟ್ರಾಯ್_ಮಿಷಿಗನ್_ಕನ್ನಡಿಗ
ಅಂಗಡಿಯಲ್ಲಿ ಕೊಂಡದ್ದು ಬೇರೆ, ಸೇನೆ ಎರವಲು ಕೊಟ್ಟದ್ದು ಬೇರೆ. ಎರವಲಿನ ಲೆಕ್ಕ ಅಂಗಡಿಯದ್ದಕ್ಕಿಂತ ಬಿಗಿ ಅಂತ ಹೇಳಿದ್ದು ನಾನು.

ವಿರಾಜಪೇಟೆ_ಬೊಳ್ಳಿ
ನಮ್ಮ ಕೊಡಗಲ್ಲಿ ಬಂದು ನೋಡಿ. ಪ್ರತಿ ಐನ್‌ಮನೆಯಲ್ಲಿ, ಅಂದ್ರೆ ಕುಟುಂಬದ ಮೂಲ ಮನೆಯಲ್ಲಿ, ಕೋವಿ ಇದೆ. ಗಂಡು ಮಗು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು ಈಡು. ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿ ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ತೋಕ್ ಪೂವ್ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡ್ತೀವಿ. ಆಮೇಲೆ ಕಡಂಬಿಟ್ಟು, ಪಂದಿ ಕರಿ. ಲೈಸೆನ್ಸ್ ಬೇಡ, ಡಿಸಿ ಕೊಟ್ಟ ವಿನಾಯಿತಿ ಪತ್ರ ಸಾಕು. ಟಿಪ್ಪು ಕಾಲದಿಂದಲೂ ನಮಗೆ ಈ ಹಕ್ಕು ಇದೆ.

ಹಳೇ_ಗೆಜೆಟ್
ಟಿಪ್ಪು ಕಾಲ ಅಲ್ಲ. 1857 ಆದ ಮೇಲೆ ಬ್ರಿಟಿಷರು ಎಲ್ಲಾ ಕಡೆ ಆಯುಧ ಕಸಿಯೋಕೆ ಶುರು ಮಾಡಿದರು. ಆಗ ಕೊಡಗಿನ ಚೀಫ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರ ನಿಷ್ಠೆಯನ್ನ ಹೊಗಳಿ ಆಯುಧ ಕಸಿಯೋ ಆ ಕಾಯ್ದೆಯಿಂದ ಬಿಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಮತ್ತೆ ಅದು ಕೊಡವರಿಗೆ ಮಾತ್ರ ಅಲ್ಲ, ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇರೋ ಬೇರೆಯವರಿಗೂ ಇದೆ. ಈಗಿನ ವಿನಾಯಿತಿ 2019ರಲ್ಲಿ ಮುಂದುವರಿದದ್ದು, 2029ರ ಅಕ್ಟೋಬರ್ ತನಕ.

ಧಾರವಾಡ_ಪೇಢೆ
ಅಂದ್ರ ಒಂದ ಜಿಲ್ಲಾಕ್ಕ ಒಂದ ಕಾನೂನ, ಬಾಜೂ ಜಿಲ್ಲಾದ ಮಾಜಿ ಸೈನಿಕಗ ಇನ್ನೊಂದ. ಇದು ಸರಿ ಐತೇನ?

ಹಳೇ_ಗೆಜೆಟ್
ಅದೇ ಪ್ರಶ್ನೆ ಹೈಕೋರ್ಟಿಗೆ ಹೋಗಿತ್ತು. ಹೋದವರು ಯಾರು ಗೊತ್ತಾ? ಒಬ್ಬ ಮಾಜಿ ಸೇನಾಧಿಕಾರಿಯೇ. 2021ರಲ್ಲಿ ಕೋರ್ಟು ವಿನಾಯಿತಿ ಸರಿ ಅಂತ ಎತ್ತಿ ಹಿಡೀತು.

ವಿರಾಜಪೇಟೆ_ಬೊಳ್ಳಿ
ಕಬ್ಬನ್ ವಿಷಯ ಒಪ್ಪಿದೆ. ನನ್ನಜ್ಜ ಹೇಳಿದ್ದು ಟಿಪ್ಪು ಅಂತಲೇ. ಆದ್ರೆ ನಮ್ಮ ಕೋವಿನ ತ್ರೀ ನಾಟ್ ತ್ರೀ ಜೊತೆ ಕಲೆಸಬೇಡಿ, ವಿನಾಯಿತಿ ಅಂದ್ರೆ ಮಿಲಿಟರಿ ರೈಫಲ್ ಇಟ್ಕೊಳ್ಳೋದು ಅಂತ ನಾವೂ ಅಂದುಕೊಂಡಿಲ್ಲ. ಅಜ್ಜನಿಗೆ ನಮ್ಮ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಅಡಿಕೆ_ಸೋಗೆ
ಎಲ್ಲಾ ಬಿಡಿ, ನಮ್ಮಂಥ ಲೈಸೆನ್ಸ್ ಇರೋರ ಪಾಡು ಕೇಳಿ. ತೋಟಕ್ಕೆ ಮಂಗ, ಕಾಡುಹಂದಿ ಅಂತ ಅಪ್ಪನ ಕಾಲದ ಒಂಟಿ ನಳಿಗೆ ಕೋವಿ ಇದೆ. ಲೋಕಸಭೆ ಎಲೆಕ್ಷನ್ ಬಂದ್ರೆ ಕೋವಿ ಸ್ಟೇಷನ್ನಿನಲ್ಲಿ ಠೇವಣಿ, ವಿಧಾನಸಭೆ ಬಂದ್ರೆ ಠೇವಣಿ, ಪಂಚಾಯ್ತಿ ಬಂದ್ರೆ ಮತ್ತೆ ಠೇವಣಿ. ಒಂದು ಸಲ ವಾಪಸ್ ತರೋಕೆ ಹೋದ್ರೆ ಸ್ಟೇಷನ್ ಹಿಂದಿನ ಕೋಣೆಯಲ್ಲಿ ಸೌದೆ ಒಟ್ಟಿದ ಹಾಗೆ ಒಟ್ಟಿದ್ರು. ಹೆಸರಿನ ಚೀಟಿ ದಾರದಲ್ಲಿ ಕಟ್ಟಿದ್ದು, ಮಳೆಗಾಲದ ಥಂಡಿಗೆ ಶಾಯಿ ಕದಡಿ ನನ್ನ ಹೆಸರು ಯಾವುದು, ಪಕ್ಕದ ಮನೆಯವನದ್ದು ಯಾವುದು ಗೊತ್ತಾಗಲಿಲ್ಲ. ಕೊನೆಗೆ ಬಟ್ಟಿನ ಮೇಲೆ ನಾನು ಚಿಕ್ಕವನಿದ್ದಾಗ ಮೊಳೆಯಲ್ಲಿ ಕೆತ್ತಿದ್ದ ಆನೆ ಚಿತ್ರ ನೋಡಿ ಗುರುತು ಹಿಡಿದೆ. ಆಗ ಅಪ್ಪ ಅದಕ್ಕೆ ಬೆನ್ನಿಗೆ ಬಾರಿಸಿದ್ರು.

ಕೋರ್ಟ್_ಹಾಲ್_9
ಎಲ್ಲರೂ ಇಡಬೇಕು ಅಂತ ಇಲ್ಲ. ಬಾಂಬೆ ಹೈಕೋರ್ಟ್ 2009ರಲ್ಲೇ ಹೇಳಿದೆ, ಸಾರಾಸಗಟಾಗಿ ಎಲ್ಲರ ಕೋವಿ ಕೇಳೋ ಹಾಗಿಲ್ಲ, ಸಮಿತಿ ಒಬ್ಬೊಬ್ಬರನ್ನ ನೋಡಿ ತೀರ್ಮಾನ ಮಾಡಬೇಕು ಅಂತ. ಕೇಸು ಇರೋರು, ಜಾಮೀನಿನ ಮೇಲಿರೋರು, ಹಿಂದೆ ಗಲಭೆಯಲ್ಲಿ ಇದ್ದೋರು, ಇಂಥವರದ್ದು.

ಅಡಿಕೆ_ಸೋಗೆ
ಬಾಂಬೆ ಹೈಕೋರ್ಟು ಹೇಳಿದ್ದು ನಮ್ಮ ಹೋಬಳಿಗೆ ಬರೋ ಹೊತ್ತಿಗೆ ಇನ್ನೆರಡು ಎಲೆಕ್ಷನ್ ಆಗಿರುತ್ತೆ ಸ್ವಾಮಿ.

ಕಡಲ_ಮಗ
ಹ್ಹಹ್ಹ. ಕಾರವಾರದ ಬೀಚಲ್ಲಿ ಇಡೀ ಕ್ಷಿಪಣಿ ದೋಣಿಯನ್ನೇ ತಂದು ನಿಲ್ಲಿಸಿದ್ದಾರೆ, ಐಎನ್‌ಎಸ್ ಚಪಲ್. ಮಕ್ಕಳು ಹತ್ತಿ ಇಳೀತಾ ಇರ್ತಾರೆ. ಅದನ್ನ ಯಾರೂ ಜಪ್ತಿ ಮಾಡಿಲ್ಲ, ಒಂದು ರೈಫಲ್ಲಿಗೆ ಇಷ್ಟು ಗೌಜಿ.

ಕೋರ್ಟ್_ಹಾಲ್_9
ಅದಕ್ಕೆ ಕಾಗದ ಇದೆ.

ಸುಮ್ನೆ_ಓದೋನು
ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿತ್ತಲ್ಲ. ಅದಕ್ಕೆ ಲೈಸೆನ್ಸ್ ಯಾರ ಹೆಸರಲ್ಲಿತ್ತು 😀

ಹಳೇ_ಗೆಜೆಟ್
ತಮಾಷೆಗೆ ಸರಿ, ಆದ್ರೆ ಅವು ಪುರಾತತ್ವ ಇಲಾಖೆಯೇ ಅಗೆದು ತೆಗೆದದ್ದು. 100 ವರ್ಷ ದಾಟಿದ್ರೆ ಪುರಾತನ ವಸ್ತು ಅಂತ 1972ರ ಕಾಯ್ದೆ ಹೇಳುತ್ತೆ. ಮೊಮ್ಮಗನ ಕೇಪಿನ ಕೋವಿ ಅಷ್ಟು ಹಳೇದಿರಬಹುದು. ಹಾಗಂತ ಆಯುಧ ಕಾಯ್ದೆಯಿಂದ ತಾನಾಗೇ ಬಿಡುಗಡೆ ಇಲ್ಲ. ಕೇಪು ಇಟ್ಟು ಮದ್ದು ತುಂಬಿದ್ರೆ ಅದು ಈಗಲೂ ಹಾರುತ್ತೆ.

ಅಡಿಕೆ_ಸೋಗೆ
ಕೇಪಿನ ಕೋವಿಗೂ ಲೈಸೆನ್ಸ್ ಬೇಕೇ ಬೇಕು. ನಮ್ಮ ಕಡೆ ಇನ್ನೂ ಬಳಸೋರಿದ್ದಾರೆ. ಆ ತೀರಿಹೋದ ಸದಸ್ಯರ ಹೆಸರಲ್ಲಿ ಲೈಸೆನ್ಸ್ ಇದ್ದಿರುತ್ತೆ, ಮನೆಯವರನ್ನ ಕೇಳಿ.

ನಿಟ್ಟುಸಿರು
ನನಗೊಂದು ಅರ್ಥ ಆಗ್ತಿಲ್ಲ. 62ರಲ್ಲಿ ಚೀನಾದವರ ಹತ್ತಿರ ಹೊಸ ಬಂದೂಕು, ನಮ್ಮವರ ಕೈಲಿ ಇದೇ ತ್ರೀ ನಾಟ್ ತ್ರೀ, ಒಂದೊಂದು ಗುಂಡಿಗೂ ಬೋಲ್ಟ್ ಎಳೀಬೇಕು. ಆಗ ಇದು ಹಳೇ ಕಾಲದ್ದು ಅಂತ ಬೈಸಿಕೊಂಡ ರೈಫಲ್. ಈಗ ಒಬ್ಬ ಅಜ್ಜನ ಗೋಡೆ ಮೇಲಿದ್ರೆ ಮಹಾ ಅಪಾಯ.

ಆರ್ಮರರ್_ನಿವೃತ್ತ
ಹಳೇದು ಅಂದ್ರೆ ಸತ್ತದ್ದು ಅಲ್ಲಪ್ಪ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಜನವರಿ 26ರ ಪರೇಡಿನಲ್ಲಿ, ಅಲ್ಲಿ ತನಕ ಕೆಲಸ ಮಾಡಿದೆ. ಈಶಾಪುರದ ಕಾರ್ಖಾನೆಯವರು ಇದೇ ಬೋಲ್ಟ್ ಇಟ್ಟುಕೊಂಡು, ಬೋರ್ ಮಾತ್ರ ಬದಲಾಯಿಸಿ .315 ಅಂತ ಜನಸಾಮಾನ್ಯರಿಗೆ ಮಾಡಿದ್ದು ಯಾಕೆ? ಸೇನೆಯ ಗುಂಡು ಅದರಲ್ಲಿ ಹೋಗಬಾರದು ಅಂತ. ಕದ್ದ ಗುಂಡು ಸಿಕ್ಕಿದ್ರೆ ತ್ರೀ ನಾಟ್ ತ್ರೀ ಈಗಲೂ ಮನುಷ್ಯನ್ನ ಕೊಲ್ಲುತ್ತೆ. ಪೊಲೀಸರು ತಗೊಂಡದ್ದು ತಪ್ಪು ಅಂತ ನಾನು ಹೇಳಲ್ಲ. ರಸೀದಿ ಕೊಡದೆ ಹೋದದ್ದು ತಪ್ಪು.

ಕೋರ್ಟ್_ಹಾಲ್_9
ಅದಕ್ಕೇ ಬರ್ತಾ ಇದ್ದೆ. ಮೊಮ್ಮಗ ಅವರೇ, ನಾಳೆನೇ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಅರ್ಜಿ ಕೊಡಿ. ಪಂಚನಾಮೆಯ ಪ್ರತಿ ಕೇಳಿ, ಪಿಎಫ್ (ಪ್ರಾಪರ್ಟಿ ಫಾರ್ಮ್, ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ನಂಬರ್ ಕೇಳಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ. ಪಿಎಫ್ ಆದರೆ ವಸ್ತು ಕೋರ್ಟಿನ ಲೆಕ್ಕಕ್ಕೆ ಬರುತ್ತೆ, ಯಾರ ಮನೆಗೂ ಹೋಗಲ್ಲ. ಆಮೇಲೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 457 ಇದ್ದದ್ದು ಈಗ ಅದು. ಮನೆಗೆ ಬೇಕು ಅಂತ ಕೇಳಬೇಡಿ. ತಜ್ಞರ ಪರೀಕ್ಷೆ ಆಗಲಿ, ಸಂಘದ ಖರ್ಚಿನಲ್ಲಿ ಪೂರ್ತಿ ನಿಷ್ಕ್ರಿಯ ಮಾಡಿಸಿಕೊಡಿ, ಆಗದಿದ್ರೆ ಮ್ಯೂಸಿಯಂಗೆ ಕೊಡಿ ಅಂತ ಕೇಳಿ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೂ ಒಂದು ಪ್ರತಿ ಹಾಕಿ.

ಆ ಕಪ್ಪು ಬಿಳುಪು ಫೋಟೋ ಒರಿಜಿನಲ್ ಕೊಡಬೇಡಿ. ಜೆರಾಕ್ಸ್.

ವಿರಾಜಪೇಟೆ_ಬೊಳ್ಳಿ
ಮ್ಯೂಸಿಯಂ ಅಂದ್ರೆ ಮಡಿಕೇರಿಯ ಸನ್ನಿ ಸೈಡ್ ಇದೆ, ಜನರಲ್ ತಿಮ್ಮಯ್ಯನವರ ಮನೆ, 2021ರಲ್ಲಿ ರಾಷ್ಟ್ರಪತಿ ಬಂದು ಉದ್ಘಾಟನೆ ಮಾಡಿದ್ದು. ಒಮ್ಮೆ ಅಜ್ಜನ್ನ ಕರ್ಕೊಂಡು ಬನ್ನಿ. ಊಟ ನಮ್ಮನೇಲಿ.

ಧಾರವಾಡ_ಪೇಢೆ
ಪಂದಿ ಕರಿ ಇದ್ರ ನಾನೂ ಬರ್ತೇನ್ರಿ.

ಕಾಫಿ_ಕೊಪ್ಪ
ನೋಡಿ, ಕಾನೂನು ಮಾತಾಡ್ತಿದ್ದವರು ಊಟಕ್ಕೆ ಬಂದ್ರು.

ಧಾರವಾಡ_ಪೇಢೆ
ಊಟಕ್ಕ ಲೈಸೆನ್ಸ್ ಬೇಕಾಗಂಗಿಲ್ಲಲ್ರಿ.

ನಿಟ್ಟುಸಿರು
ಆ ರೀಲ್ ಮಾಡಿದ ಹುಡುಗ ಏನಾದ?

ಹವಾಲ್ದಾರ್_ಮೊಮ್ಮಗ
ರೀಲ್ ಡಿಲೀಟ್ ಮಾಡಿ, ಮನೆಗೆ ಬಂದು ತಾತನ ಕಾಲಿಗೆ ಬಿದ್ದ. ತಾತ ಬೈಯಲಿಲ್ಲ. "ರೈಫಲ್ ಹಿಡಿದದ್ದು ತಪ್ಪಲ್ಲ, ಬೆರಳು ಟ್ರಿಗರ್ ಮೇಲಿಟ್ಟು ಹಿಡಿದದ್ದು ತಪ್ಪು" ಅಂತ ಅರ್ಧ ಗಂಟೆ ಪಾಠ ಮಾಡಿದರು. ಕೈಲಿ ಛತ್ರಿ ಕೊಟ್ಟು.

ಆರ್ಮರರ್_ನಿವೃತ್ತ
ಸರಿಯಾದ ಉಸ್ತಾದ್.

ಹವಾಲ್ದಾರ್_ಮೊಮ್ಮಗ
(ಹನ್ನೊಂದು ದಿನ ಬಿಟ್ಟು) ಎಲ್ಲರಿಗೂ ಅಪ್‌ಡೇಟ್. ವಕೀಲ್ ಸರ್ ಹೇಳಿದ ಹಾಗೆ ಅರ್ಜಿ ಕೊಟ್ವಿ. ಸ್ಟೇಷನ್ನಿನ ರೈಟರ್ ಒಳ್ಳೆಯವರು, ಕೂರಿಸಿ ಟೀ ತರಿಸಿದ್ರು, ಪಿಎಫ್ ಪ್ರತಿ ಕೈಗೆ ಕೊಟ್ರು. ಯಾರ ಮೇಲೂ ಬಂಧನ ಅಂತೆಲ್ಲ ಏನೂ ಇಲ್ಲ, ಪರೀಕ್ಷೆಗೆ ಕಳಿಸ್ತಾರಂತೆ. ಆರ್ಮರರ್ ಸರ್ ಕೇಳಿದ್ದಕ್ಕೆ: ಬೋಲ್ಟ್ ಇದೆ, ಮೂತಿ ಇಲ್ಲ. ನಂಬರ್ ಎರಡೂ ಕಡೆ ಒಂದೇ. ಡಿಪಿ ಮುದ್ರೆ ತಾತನಿಗೆ ನೆನಪಿಲ್ಲ. ಕೇಪಿನ ಕೋವಿಯ ಹಳೇ ಲೈಸೆನ್ಸ್ ಪುಸ್ತಕ ಆ ಮನೆಯವರ ಟ್ರಂಕಿನಲ್ಲಿ ಸಿಕ್ಕಿದೆ, ಅರ್ಧ ಗೆದ್ದಲು ತಿಂದಿದೆ.

ಈಗ ಹೊಸ ತಕರಾರು ಬೇರೆ. ಪಿಎಫ್‌ನಲ್ಲಿ "ತುಕ್ಕು ಹಿಡಿದ ಹಳೆಯ ಬಂದೂಕುಗಳು–2" ಅಂತ ಬರೆದಿದ್ದಾರೆ. ತಾತ ಅದನ್ನ ಓದಿ ಕನ್ನಡಕ ತೆಗೆದಿಟ್ಟು "ತುಕ್ಕಾ? ನನ್ನ ರೈಫಲ್ ಮೇಲೆ ತುಕ್ಕಾ?" ಅಂತ ಎದ್ದು ನಿಂತುಬಿಟ್ರು. ಹನ್ನೊಂದು ದಿನದಲ್ಲಿ ಮೊದಲನೇ ಸಲ ಗಟ್ಟಿಯಾಗಿ ಮಾತಾಡಿದ್ದು. ಆ ಪದ ತಿದ್ದಿಸಬೇಕಂತೆ, ಇನ್ನೊಂದು ಅರ್ಜಿ ಬರಿ ಅಂತ ಕೂತಿದ್ದಾರೆ.

ಕೋರ್ಟ್_ಹಾಲ್_9
ಅಯ್ಯೋ ಬೇಡ ಬೇಡ! 45ನೇ ಕಲಮಿಗೆ ಆ ತುಕ್ಕೇ ನಿಮ್ಮ ಕಡೆ ಸಾಕ್ಷಿ. ದಯವಿಟ್ಟು ಹಾಗೇ ಬಿಡಿ.

ಹವಾಲ್ದಾರ್_ಮೊಮ್ಮಗ
ನಾನೂ ಅದೇ ಹೇಳಿದೆ ಸರ್. "ಕೇಸು ಸೋತರೂ ಪರವಾಗಿಲ್ಲ" ಅಂತಿದ್ದಾರೆ. ಅರ್ಜಿ ಬರೀತಾ ಇದ್ದೀನಿ.